ಗಾಳಿ ಆಡಲು ಜಾಗವಿಲ್ಲದ ತೆಂಗಿನಮರ

ಯುಗಾದಿಗೆ ಊರಿಗೆ ಹೋದವಳು ಜಗಲಿಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಉಳಿದ ಕೆಲಸ ಮುಗಿಸುತ್ತಿದ್ದೆ. ನಮ್ಮೂರು ತುರುವೇಕೆರೆ ತಾಲ್ಲೂಕು, ಮಾಯಸಂದ್ರದ ಕಡೆ. ಪರದೆಯ ಮೇಲೆ ಒಂದು ತೆಂಗಿನ ತೋಟ ಇತ್ತು. ಸಾಲು ಮರ, ನಡುವೆ ಬಾಳೆ, ಮೂಲೆಯಲ್ಲಿ ಪಂಪ್‌ಸೆಟ್ಟಿನ ಮನೆ. ತೋಟಕ್ಕೆ ನೀರು ಕಟ್ಟಿ ಬಂದ ಅಪ್ಪ ಕೈಕಾಲು ತೊಳೆದು ಪಕ್ಕದಲ್ಲಿ ಕೂತರು. ತುಸು ಹೊತ್ತು ನೋಡಿ, “ಇದು ಯಾವೂರ ಮರ ಕಣವ್ವ? ಗರೀಲಿ ಗಾಳಿ ಆಡಕ್ಕೆ ಜಾಗಾನೇ ಇಲ್ವಲ್ಲ” ಅಂದರು.

ಆ ಜಾಗ ಬಿಡುವುದೇ ನನ್ನ ಕಸುಬು. ಬೆಂಗಳೂರಿನಲ್ಲಿ 13 ವರ್ಷದಿಂದ ಕಂಪ್ಯೂಟರ್ ಗ್ರಾಫಿಕ್ಸ್‌ನಲ್ಲಿ ಗಿಡಮರ ಮಾಡುತ್ತಿದ್ದೇನೆ. ಆಟಗಳಿಗೆ, ಜಾಹೀರಾತುಗಳಿಗೆ, ಕಟ್ಟಡ ಮಾರುವವರ ಬ್ರೋಷರುಗಳಿಗೆ, ಒಮ್ಮೊಮ್ಮೆ ಸಿನಿಮಾಕ್ಕೆ. ತೋಟದಲ್ಲೇ ಹುಟ್ಟಿ ಬೆಳೆದವಳು ತೋಟದ ಮರವನ್ನೇ ತಪ್ಪಾಗಿ ನಿಲ್ಲಿಸಿದ್ದೆ, ತಪ್ಪು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಅವತ್ತಿನಿಂದ ಮನಸ್ಸಿನಲ್ಲಿ ಕೊರೆಯುತ್ತಿರುವ ಮಾತನ್ನು ಇಲ್ಲಿ ಹೇಳುತ್ತಿದ್ದೇನೆ. ಕಲ್ಪತರು ನಾಡು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ನಮ್ಮ ತೆಂಗಿನ ಗರಿಯ ಒಂದು ಸರಿಯಾದ ಚಿತ್ರವನ್ನು, ಅದರ ತೂತುಗಳ ಸಮೇತ, ಯಾರು ಬೇಕಾದರೂ ಬಳಸುವಂತೆ ಮಾಡಿಡಬೇಕು. ಅದಕ್ಕೆ ಸರ್ಕಾರದ ದುಡ್ಡು ಖರ್ಚಾಗಬೇಕು.

‘ತೂತುಗಳ ಸಮೇತ’ ಎಂದದ್ದು ಯಾಕೆಂದು ಹೇಳುತ್ತೇನೆ. ಆಟದಲ್ಲೋ ಸಿನಿಮಾದಲ್ಲೋ ಮರ ಕಂಡರೆ, ಅದರ ಒಂದೊಂದು ಎಲೆಯನ್ನೂ ಯಾರೋ ಕೂತು ಮಾಡಿರುತ್ತಾರೆ ಎಂದು ಜನ ಅಂದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ. ಒಂದು ಗರಿಯಲ್ಲಿ 200ಕ್ಕೂ ಹೆಚ್ಚು ಎಲೆ. ಒಳ್ಳೆಯ ಮರದ ತಲೆಯಲ್ಲಿ 30ಕ್ಕೂ ಹೆಚ್ಚು ಗರಿ. ಮೂವತ್ತು ಅಡಿಗೊಂದರಂತೆ ಸಸಿ ಇಟ್ಟಿದ್ದರೆ ಎಕರೆಗೆ 48 ಮರ. ಒಂದು ಎಕರೆಗೇ ಮೂರು ಲಕ್ಷ ಎಲೆಯ ಹತ್ತಿರ ಹೋಯಿತು. ಅಷ್ಟನ್ನೂ ಬಿಡಿಬಿಡಿಯಾಗಿ ಹೊತ್ತುಕೊಳ್ಳುವ ಶಕ್ತಿ ಸಾಮಾನ್ಯ ಫೋನಿಗಿಲ್ಲ. ಅದಕ್ಕೇ ನಾವು ಮಾಡುವುದು ಇಷ್ಟು: ಒಂದು ಚಪ್ಪಟೆ ಕಾರ್ಡು, ಅದರ ಮೇಲೆ ಇಡೀ ಗರಿಯ ಫೋಟೊ. ಎಲೆ ಇರುವಲ್ಲಿ ಕಾಣಬೇಕು, ಎಲೆ ಇಲ್ಲದಲ್ಲಿ ಹಿಂದಿನ ಆಕಾಶ ಕಾಣಬೇಕು. ಚಿತ್ರದ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಂದು ಮೂರು ಸಂಖ್ಯೆಗಳಿರುತ್ತವೆ. ಕಾಣಬೇಕೋ ಬೇಡವೋ ಎಂದು ಹೇಳುವುದು ನಾಲ್ಕನೆಯ ಸಂಖ್ಯೆ. 0 ಎಂದರೆ ಪೂರ್ತಿ ತೂತು, 255 ಎಂದರೆ ಪೂರ್ತಿ ಎಲೆ. ಇದಕ್ಕೆ ಆಲ್ಫಾ ಎಂದು ಹೆಸರು. 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿದ್ದ ಆಲ್ವಿ ರೇ ಸ್ಮಿತ್ ಮತ್ತು ಎಡ್ ಕ್ಯಾಟ್‌ಮಲ್ ಇದನ್ನು ಚಿತ್ರದ ಒಳಗೇ ಸೇರಿಸಿದರು. 1984ರಲ್ಲಿ ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ ಇದರ ಗಣಿತವನ್ನು ಒಂದು ಕಟ್ಟಿಗೆ ತಂದರು. 1996ರಲ್ಲಿ ಬಂದ ಪಿಎನ್‌ಜಿ ಎಂಬ ಕಡತದ ಬಗೆ ಇದನ್ನು ಮನೆಮನೆಗೆ ತಲುಪಿಸಿತು. ನಮ್ಮ ಫೋನುಗಳು ತೆಗೆಯುವ ಜೆಪಿಇಜಿ ಫೋಟೊದಲ್ಲಿ ಈ ನಾಲ್ಕನೆಯ ಸಂಖ್ಯೆ ಇಲ್ಲ. ಅದನ್ನು ಯಾರಾದರೂ ಕೂತು ಬಿಡಿಸಬೇಕು.

ನಮ್ಮ ಕಡೆಯವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಮದುವೆಗೆ ಹಸಿ ಗರಿಯ ಚಪ್ಪರ ಹಾಕಿದ ಮೊದಲ ದಿನ ನೆಲದ ಮೇಲೆ ಬೀಳುವ ಬಿಸಿಲನ್ನು ನೆನಪು ಮಾಡಿಕೊಳ್ಳಿ. ಕಾಸು ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ ಬೆಳಕು. ಆ ಚುಕ್ಕಿಗಳೇ ಆಲ್ಫಾ. ತೊಗಲುಗೊಂಬೆ ಮಾಡುವವರು ಸೀತೆಯ ಸರಕ್ಕೆ ಚರ್ಮದಲ್ಲಿ ಸಣ್ಣ ಸಣ್ಣ ತೂತು ಹೊಡೆಯುವುದೂ ಇದೇ ಕೆಲಸ. ಎಲ್ಲಿ ಚರ್ಮ ತೆಗೆಯಬೇಕು ಎಂದು ಗೊತ್ತಿದ್ದರೇ ಸರ ಹೊಳೆಯುತ್ತದೆ.

ಅಪ್ಪ ನೋಡಿದ ಮರ ಕೊಂಡು ತಂದದ್ದು. ಇದರಲ್ಲಿ ಗುಟ್ಟೇನಿಲ್ಲ, ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೇ ಮಾಡುತ್ತಾರೆ. ಗಿಡಮರಗಳ ಸಂಗ್ರಹಗಳಿರುತ್ತವೆ, ದುಡ್ಡು ಕೊಟ್ಟರೆ ತೆಂಗಿನಮರ ಬರುತ್ತದೆ. ಅದು ಕಡಲತಡಿಯ ಮರ. ಕಾಂಡ ನೀರಿನ ಕಡೆಗೆ ವಾಲಿರುತ್ತದೆ. ಗರಿಗಳು ದಟ್ಟ, ಎಲೆ ಅಗಲ, ಒಂದರ ಮೇಲೊಂದು ಬಿದ್ದು ಕೊಡೆಯ ಬಟ್ಟೆಯಂತಿರುತ್ತದೆ. ಒಣಗಿದ ಗರಿ ಒಂದೂ ಜೋತಾಡುವುದಿಲ್ಲ, ಹೊಂಬಾಳೆ ಕಾಣುವುದಿಲ್ಲ. ನಮ್ಮದು ತಿಪಟೂರು ಟಾಲ್ ಎಂಬ ಎತ್ತರದ ತಳಿ, ನೆಟ್ಟಗೆ ಮೇಲೆ ಹೋಗುವ ಮರ. ಮಳೆ ಕಡಿಮೆಯ ಸೀಮೆ. ಬೇಸಿಗೆಯ ಮಧ್ಯಾಹ್ನ ಗರಿಯ ಎಲೆಗಳು ನಡುಕಡ್ಡಿಯ ಎರಡೂ ಬದಿ ಮಡಿಚಿಕೊಂಡು ಸಣ್ಣಗಾಗುತ್ತವೆ, ನಡುವಿನ ತೆರವು ಹಿಗ್ಗುತ್ತದೆ. ಅದೇ ಮರ ಮಳೆಗಾಲದಲ್ಲಿ ಬೇರೆ ಥರ ಕಾಣುತ್ತದೆ. ಬೆಂಗಳೂರಿಂದ ರೈಲಿನಲ್ಲಿ ಬರುವಾಗ ಸಂಪಿಗೆ ರೋಡ್ ದಾಟಿ ಬಾಣಸಂದ್ರ ಬರುವಷ್ಟರಲ್ಲಿ ಕಿಟಕಿಯಾಚೆ ನೋಡಿದರೆ, ಹತ್ತಿರದ ಗರಿಯ ಸಂದಿಯಲ್ಲಿ ದೂರದ ಗರಿ, ಅದರ ಸಂದಿಯಲ್ಲಿ ಇನ್ನೂ ದೂರದ್ದು ಕಾಣುತ್ತದೆ. ಇಡೀ ತೋಟ ಜಾಳುಜಾಳಾಗಿರುತ್ತದೆ. ಈ ಜಾಳು ನಾನು ಕೊಂಡು ತಂದ ಮರದಲ್ಲಿ ಇರಲಿಲ್ಲ. ಅದನ್ನು ಮಾಡಿದವರದು ತಪ್ಪಲ್ಲ. ಅವರು ಅವರ ಮನೆಯ ಹತ್ತಿರದ ಮರದ ಫೋಟೊ ತೆಗೆದಿದ್ದಾರೆ. ನಮ್ಮ ಮನೆಯ ಹತ್ತಿರದ ಮರದ ಫೋಟೊವನ್ನು ನಾವು ತೆಗೆದಿರಲಿಲ್ಲ.

ಅದಕ್ಕೇ ತೆಗೆಯಲು ಹೊರಟೆ. ಕಾಯಿ ಕೀಳಲು ಬಂದವರ ಕೈಲಿ ಅಪ್ಪ ಮೂರು ಗರಿ ಕೆಡವಿಸಿದರು: ಕೆಳಗಿನ ಮುದಿ ಗರಿ, ನಡುವಿನದು, ಸುಳಿಯ ಪಕ್ಕದ ಎಳೆಯದು. ಬೆಳಿಗ್ಗೆ ಆರೂವರೆ, ಬಿಸಿಲು ಬಿದ್ದಿರಲಿಲ್ಲ. ಕಣದಲ್ಲಿ ಅಮ್ಮನ ಬಿಳಿ ಹಾಸಿಗೆ ಬಟ್ಟೆ ಹಾಸಿ ಗರಿ ಮಲಗಿಸಿದೆ. ಹದಿನಾರು ಅಡಿ ಗರಿಗೆ ಒಂದು ಬಟ್ಟೆ ಸಾಲದೆ ಇನ್ನೊಂದು, ಅದೂ ಸಾಲದೆ ಅಪ್ಪನ ಪಂಚೆ. ಏಣಿ ಹತ್ತಿ ಮೇಲಿಂದ ತುಂಡು ತುಂಡಾಗಿ ಫೋಟೊ ತೆಗೆಯುತ್ತ ಮೂರನೆಯ ಗರಿಗೆ ಬರುವ ಹೊತ್ತಿಗೆ ಎಂಟು ಗಂಟೆ. ಆಗ ಒಂದು ವಿಷಯ ಕಂಡಿತು. ಮೊದಲು ಕೆಡವಿದ ಗರಿಯ ಎಲೆಗಳು ಪುಸ್ತಕ ಮುಚ್ಚಿದಂತೆ ಮಡಿಚಿಕೊಳ್ಳುತ್ತಿದ್ದವು. ಮರದಿಂದ ಬಿಟ್ಟ ಗರಿಗೆ ಆಯುಸ್ಸು ಅರ್ಧ ಗಂಟೆ ಎಂದುಕೊಂಡು ಕೆಲಸ ಮಾಡಬೇಕು. ಮುಂದಿನ ಸಲ ಒಂದೊಂದೇ ಗರಿ ಕೆಡವಿಸಿದೆವು. ಆಮೇಲೆ ಅಪ್ಪ ಗರಿಯ ತುಂಡೊಂದನ್ನು ಎತ್ತಿ ಸೂರ್ಯನಿಗೆ ಅಡ್ಡ ಹಿಡಿದರು, ನಾನು ಕೆಳಗಿಂದ ಫೋಟೊ ತೆಗೆದೆ. ಎಲೆಯೊಳಗೆ ಬೆಳಕು ಎಷ್ಟು ಹಾಯುತ್ತದೆ ಎಂಬುದು ತೂತಿಗಿಂತ ಬೇರೆ ಲೆಕ್ಕ, ಅದಕ್ಕೂ ಒಂದು ಚಿತ್ರ ಬೇಕು. ಎಳೆಯ ಗರಿಯಲ್ಲಿ ಬೆಳಕು ಹಳದಿಯಾಗಿ ಹಾಯುತ್ತದೆ, ಮುದಿಯದರಲ್ಲಿ ಹಾಯುವುದೇ ಕಡಿಮೆ.

ಬೆಂಗಳೂರಿಗೆ ಬಂದು ತೂತು ಬಿಡಿಸಲು ಕೂತೆ. ಒಂದು ಗರಿಗೆ ನಾಲ್ಕು ದಿನ ಹಿಡಿಯಿತು. ಮರ ನಿಲ್ಲಿಸಿ ದೂರದಿಂದ ನೋಡಿದರೆ ಪ್ರತಿ ಎಲೆಯ ಅಂಚಿನಲ್ಲೂ ಬೆಳ್ಳಗೆ ಒಂದು ಗೆರೆ. ತೋಟಕ್ಕೆ ಸುಣ್ಣ ಎರಚಿದಂತಿತ್ತು. ಅದು ಅಮ್ಮನ ಹಾಸಿಗೆ ಬಟ್ಟೆಯ ಬಿಳಿ. ತೂತಿಗೆ 0 ಎಂದು ಬರೆದರೂ ಅಲ್ಲಿನ ಕೆಂಪು, ಹಸಿರು, ನೀಲಿ ಸಂಖ್ಯೆಗಳು ಹಾಗೇ ಉಳಿದಿರುತ್ತವೆ. ಮರ ದೂರ ಹೋದಾಗ ಕಂಪ್ಯೂಟರ್ ಅಕ್ಕಪಕ್ಕದ ಚುಕ್ಕಿಗಳ ಸರಾಸರಿ ತೆಗೆಯುತ್ತದೆ, ಕಾಣದ ಬಿಳಿ ಎಲೆಯೊಳಗೆ ಸೋರುತ್ತದೆ. ಎಲೆಯ ಹಸಿರನ್ನೇ ಅಂಚಿನಾಚೆ ತೂತಿನೊಳಕ್ಕೂ ಹರಡಿಬಿಟ್ಟ ಮೇಲೆ ಗೆರೆ ಹೋಯಿತು. ಯಾರೂ ನೋಡದ ಜಾಗಕ್ಕೂ ಸರಿಯಾದ ಬಣ್ಣ ಹಚ್ಚಿರಬೇಕು.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು, ಮತ್ತು ತೆಂಗಿಗೇ ವಿಶೇಷವಾದದ್ದು. ಐದು ಮೀಟರ್ ಗರಿಯನ್ನು 4096 ಚುಕ್ಕಿಗಳ ಉದ್ದಕ್ಕೆ ಕೂರಿಸಿದರೆ ಒಂದು ಚುಕ್ಕಿಗೆ ಸುಮಾರು 1.2 ಮಿಲಿಮೀಟರ್. ಎಲೆಯ ತುದಿ ಅದಕ್ಕಿಂತ ಸಣ್ಣ, ಆದರೂ ನಿಭಾಯಿಸಬಹುದು. ಮರ ದೂರ ಹೋದಂತೆ ಕಂಪ್ಯೂಟರ್ ಸಣ್ಣ ಪ್ರತಿಯನ್ನು ಬಳಸುತ್ತದೆ: 2048, 1024, ಕೊನೆಗೆ 256. ಆಗ ಒಂದು ಚುಕ್ಕಿಗೆ ಸುಮಾರು ಎರಡು ಸೆಂಟಿಮೀಟರ್. ಗರಿಯ ಅಂಚಿನ ಕಡೆ ಎಲೆಯ ಅಗಲವೂ ಅಷ್ಟೇ, ನಡುವಿನ ತೆರವೂ ಅಷ್ಟೇ. ಅರ್ಧ ಎಲೆ, ಅರ್ಧ ಗಾಳಿ ಒಂದೇ ಚುಕ್ಕಿಯಲ್ಲಿ ಸೇರಿ ಸಂಖ್ಯೆ 120ರ ಆಸುಪಾಸಿಗೆ ಬರುತ್ತದೆ. ಫೋನಿನಲ್ಲಿ ವೇಗಕ್ಕಾಗಿ ನಾವು ಇಟ್ಟಿರುವ ನಿಯಮ ಒರಟು: 128ಕ್ಕಿಂತ ಕಡಿಮೆ ಇದ್ದರೆ ತೂತು, ಹೆಚ್ಚಿದ್ದರೆ ಎಲೆ. ಹಾಗಾಗಿ ದೂರದ ಮರಗಳ ಎಲೆಗಳೆಲ್ಲ ಉದುರಿ ದಿಂಡು ಮಾತ್ರ ಉಳಿಯುತ್ತದೆ. ಹತ್ತಿರ ಹೋದರೆ ಮತ್ತೆ ಚಿಗುರುತ್ತದೆ. ಮಾವು, ಹಲಸಿನಂಥ ಅಗಲ ಎಲೆಯ ಮರಗಳು ಇಷ್ಟು ಬೇಗ ಬೋಳಾಗುವುದಿಲ್ಲ. ನಾನು ಅಷ್ಟು ವರ್ಷ ಕೊಂಡು ಬಳಸಿದ ತೆಂಗಿನ ಗರಿ ಯಾಕೆ ಅಷ್ಟು ದಟ್ಟವಾಗಿತ್ತು ಎಂಬುದು ಆಗ ಹೊಳೆಯಿತು. ಬೋಳಾಗುವುದನ್ನು ತಪ್ಪಿಸಲು ಮಾಡಿದವರು ತೂತುಗಳನ್ನೇ ಮುಚ್ಚಿಬಿಟ್ಟಿದ್ದರು.

ಇದಕ್ಕೆ ಬೇರೆ ದಾರಿ ಇದೆ. ದೊಡ್ಡ ಚಿತ್ರದಲ್ಲಿ ಗರಿಯ ಎಷ್ಟು ಪಾಲು ಎಲೆ, ಎಷ್ಟು ಪಾಲು ತೆರವು ಎಂದು ಮೊದಲೇ ಎಣಿಸಿ, ಪ್ರತಿ ಸಣ್ಣ ಪ್ರತಿಯಲ್ಲೂ ಅದೇ ಪಾಲು ಉಳಿಯುವಂತೆ ಆಲ್ಫಾವನ್ನು ಏರಿಸುತ್ತ ಹೋಗುವುದು. ‘ದಿ ವಿಟ್ನೆಸ್’ ಎಂಬ ಆಟಕ್ಕೆ ದುಡಿಯುತ್ತಿದ್ದ ಇಗ್ನಾಸಿಯೊ ಕಾಸ್ಟಾನ್ಯೊ 2010ರಲ್ಲಿ ಈ ಉಪಾಯವನ್ನು ಬರೆದು ಎಲ್ಲರಿಗೂ ಹಂಚಿದರು. ಎಲ್ಲೋ ಕೂತವರೊಬ್ಬರು ಹಂಚಿದ್ದರಿಂದ ಮಾಯಸಂದ್ರದ ಗರಿ ಉಳಿಯಿತು. ಹಂಚುವ ಮಾತಿಗೆ ಮುಂದೆ ಬರುತ್ತೇನೆ.

ಸರಿಯಾದ ಮರ ಸಿದ್ಧವಾದ ಮೇಲೆ ಅಪ್ಪನಿಗೆ ಮತ್ತೆ ತೋರಿಸಿದೆ. ಈ ಸಲ ಬಹಳ ಹೊತ್ತು ನೋಡಿದರು. “ಗಾಳಿ ಆಡ್ತದೆ. ಆದ್ರೆ ಹುಳ ಬೀಳ್ದಿರೋ ತೋಟ ಎಲ್ಲೈತೆ?” ಅಂದರು.

ಅವರು ಹೇಳಿದ್ದು ಕುರುವಾಯಿ ದುಂಬಿಯ ಕಡಿತ. ಗರಿ ಇನ್ನೂ ಸುಳಿಯಲ್ಲಿ ಮಡಿಚಿಕೊಂಡು ಕೂತಿರುವಾಗಲೇ ದುಂಬಿ ಅಡ್ಡಕ್ಕೆ ಕೊರೆಯುತ್ತದೆ. ತಿಂಗಳುಗಳ ಮೇಲೆ ಗರಿ ಬಿಚ್ಚಿಕೊಂಡಾಗ ಎರಡೂ ಬದಿಯಲ್ಲಿ ಕತ್ತರಿಯಲ್ಲಿ ಕತ್ತರಿಸಿದಂಥ ಮೂಲೆಮೂಲೆಯ ಖಾಲಿ ಜಾಗ. ಕಾಗದ ಮಡಿಚಿ ಒಂದು ಸಲ ಕತ್ತರಿ ಹಾಕಿ ಬಿಚ್ಚಿದರೆ ಎರಡೂ ಕಡೆ ಒಂದೇ ಆಕಾರ ಬರುತ್ತದಲ್ಲ, ಅದೇ ಲೆಕ್ಕ. ನಮ್ಮ ಸೀಮೆಯಲ್ಲಿ ಈ ಗುರುತು ಕಾಣದ ತೋಟ ಸಿಗುವುದು ಕಷ್ಟ. ನಾನು ಹದಿಮೂರು ವರ್ಷದಲ್ಲಿ ನೋಡಿದ ಒಂದು ಸಂಗ್ರಹದಲ್ಲೂ ಈ ಗರಿ ಇಲ್ಲ. ಕಪ್ಪುತಲೆ ಹುಳು ತಿಂದ ಗರಿಯೂ ಇಲ್ಲ. ಅದು ಎಲೆಯ ಅಡಿಯಲ್ಲಿ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ತೂತಾಗುವುದಿಲ್ಲ, ಎಲೆ ಕಾಗದದಂತೆ ತೆಳುವಾಗಿ ಕಂದು ತಿರುಗುತ್ತದೆ, ಬೆಂಕಿ ತಾಗಿದ ಹಾಗೆ. ಬಿಳಿನೊಣ ಬಿದ್ದ ಮರದ ಕೆಳಗಿನ ಗರಿಗಳ ಮೇಲೆ ಮಸಿಯಂಥ ಕಪ್ಪು ಬೂಷ್ಟು ಕೂರುತ್ತದೆ, ಅಲ್ಲಿ ಬೆಳಕು ಹಾಯುವುದೇ ಇಲ್ಲ. ಒಂದೊಂದು ಪೀಡೆಗೂ ಬೆಳಕಿನ ಲೆಕ್ಕ ಬೇರೆ. ಚಿಕ್ಕನಾಯಕನಹಳ್ಳಿ ಕಡೆ ಗಣಿಗಾರಿಕೆ ಜೋರಾಗಿದ್ದಾಗ, 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವ ಮೊದಲು, ಅದಿರು ಲಾರಿ ಓಡಾಡುವ ರಸ್ತೆ ಬದಿಯ ಗರಿಗಳು ಕೆಂಪು ದೂಳು ಹೊತ್ತು ನಿಂತಿರುತ್ತಿದ್ದವು. ನಾನು ಅದನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಅದರ ಒಂದು ಚಿತ್ರವೂ ನನ್ನ ಬಳಿ ಇಲ್ಲ, ಈಗ ತೆಗೆಯಲೂ ಆಗುವುದಿಲ್ಲ.

ಇಷ್ಟೆಲ್ಲ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಮಕ್ಕಳಿಗೆ ಬೇಕು. ನಮ್ಮಣ್ಣನ ಮಗ ಆಡುವ ಫೋನ್ ಆಟಗಳಲ್ಲಿ ತೆಂಗಿನಮರ ಎಂದರೆ ಸಮುದ್ರ, ಮರಳು, ರಜೆ. ಅವನು ದಿನಾ ಬೆಳಿಗ್ಗೆ ಕಾಣುವ ಮರ ಅವನ ಆಟದೊಳಗೆ ಇಲ್ಲ. ತೋಟಗಾರಿಕೆಯವರಿಗೂ ಬೇಕು. ಡ್ರೋನ್ ಹಾರಿಸಿ ರೋಗ ಬಿದ್ದ ಮರ ಗುರುತಿಸುವುದನ್ನು ಕಂಪ್ಯೂಟರಿಗೆ ಕಲಿಸಲು ಸಾವಿರಾರು ಚಿತ್ರ ಬೇಕಾಗುತ್ತದೆ. ಎಲೆ ಎಲ್ಲಿ, ತೆರವು ಎಲ್ಲಿ, ಕಡಿತ ಎಲ್ಲಿ ಎಂದು ನಿಖರವಾಗಿ ಬಿಡಿಸಿದ ಒಂದು ಗರಿ ಇದ್ದರೆ ಅಂಥ ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಹುಟ್ಟಿಸಬಹುದು. ಹೊಸದಾಗಿ ತೋಟ ಮಾಡುವ ಹುಡುಗರಿಗೆ ಕಪ್ಪುತಲೆ ಹುಳುವಿನ ಮೊದಲ ಲಕ್ಷಣ ತೋರಿಸಲು ಬೇಕು. ಬಣ್ಣ ಕೆಟ್ಟ ಕೈಪಿಡಿ ಫೋಟೊದಲ್ಲಿ ಅದು ಗೊತ್ತಾಗುವುದಿಲ್ಲ.

ಈಗ ಎಐ ಇದೆಯಲ್ಲ, ಕೇಳಿದರೆ ಚಿತ್ರ ಕೊಡುತ್ತದಲ್ಲ ಎನ್ನುತ್ತಾರೆ. ನಾನು ಕೇಳಿ ನೋಡಿದ್ದೇನೆ. ಕೊಟ್ಟದ್ದು ಅದೇ ಕಡಲತಡಿಯ ಮರ. ತಾನು ನೋಡದೇ ಇರುವುದನ್ನು ಅದು ಎಲ್ಲಿಂದ ಕೊಟ್ಟೀತು? ಇನ್ನು ಕೆಲವರು, ದೊಡ್ಡ ಕಂಪ್ಯೂಟರುಗಳಲ್ಲಿ ಈಗ ಪ್ರತಿ ಎಲೆಯನ್ನೂ ನಿಜವಾಗಿ ನಿಲ್ಲಿಸಬಹುದು, ಕಾರ್ಡಿನ ಕಾಲ ಮುಗಿಯಿತು ಎನ್ನುತ್ತಾರೆ. ದೊಡ್ಡ ಕಂಪ್ಯೂಟರಿದ್ದವರಿಗೆ ಅದು ನಿಜ. ಅಣ್ಣನ ಮಗನ ಕೈಲಿರುವ ಅಗ್ಗದ ಫೋನು ಕಾರ್ಡಿನ ಗರಿಗೇ ಬಿಸಿಯಾಗುತ್ತದೆ, ಯಾಕೆಂದರೆ ಕಾಣದ ತೂತನ್ನೂ ಅದು ಲೆಕ್ಕ ಹಾಕಿಯೇ ಬಿಡಬೇಕು. ಅದಕ್ಕಾಗಿ ಕಾರ್ಡಿನ ಅಂಚನ್ನು ಗರಿಯ ಆಕಾರಕ್ಕೆ ಒತ್ತಿ ಕತ್ತರಿಸಿದೆ, ಖಾಲಿ ಜಾಗ ಅರ್ಧಕ್ಕಿಳಿಯಿತು.

ಕರ್ನಾಟಕ 2012ರಲ್ಲೇ ಅನಿಮೇಷನ್, ವಿಷುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್‌ಗೆಂದು ನೀತಿ ಮಾಡಿದ ರಾಜ್ಯ. ಈಗ ನಡೆಯುತ್ತಿರುವುದು 2024–29ರ ನೀತಿ. ಉದ್ಯೋಗ, ತರಬೇತಿ, ರಫ್ತು ಎಲ್ಲದರ ಮಾತು ಅದರಲ್ಲಿದೆ, ಒಳ್ಳೆಯದು. ನನ್ನ ಬೇಡಿಕೆ ಅದರ ಮುಂದೆ ಬಹಳ ಸಣ್ಣದು. ಆ ಹಣದಲ್ಲಿ ಒಂದು ಪಾಲು ನಮ್ಮ ನೆಲದ ಗಿಡಮರಗಳ ಮುಕ್ತ ಸಂಗ್ರಹಕ್ಕೆ ಹೋಗಲಿ. ತೆಂಗಿನಿಂದ ಶುರುವಾಗಲಿ. ತಿಪಟೂರಿನ ಕೊನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಪಕ್ಕದ ಅರಸೀಕೆರೆಯಲ್ಲಿ ತೆಂಗಿನ ಸಂಶೋಧನೆ ನಡೆಯುತ್ತದೆ. ಕಾಸರಗೋಡಿನಲ್ಲಿ 1916ರಲ್ಲಿ ಶುರುವಾದ ತೆಂಗು ಸಂಶೋಧನಾ ಕೇಂದ್ರ ಇವತ್ತು ಕೇಂದ್ರ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ನಿಂತಿದೆ. ಯಾವ ಗರಿ ಯಾವ ರೋಗದ್ದು ಎಂದು ಹೇಳುವ ಕಣ್ಣು ಅವರಿಗಿದೆ. ತೂತು ಬಿಡಿಸುವ ಕೈ ಬೆಂಗಳೂರಿನಲ್ಲಿ ಸಾವಿರಾರಿವೆ, ಅದರಲ್ಲಿ ನಮ್ಮ ತಾಲ್ಲೂಕುಗಳ ಹುಡುಗ ಹುಡುಗಿಯರೂ ಇದ್ದಾರೆ. ಇಬ್ಬರನ್ನೂ ಒಂದು ತೋಟದಲ್ಲಿ ಹದಿನೈದು ದಿನ ನಿಲ್ಲಿಸಬೇಕು, ಅಷ್ಟೇ.

ಮಾಡಿದ್ದನ್ನು ಮಾರಬಾರದು. ದಕ್ಷಿಣ ಆಫ್ರಿಕಾದ ಗ್ರೆಗ್ ಝಾಲ್ ಮತ್ತು ಸಂಗಡಿಗರು ಪಾಲಿ ಹೇವನ್ ಎಂಬ ಸಂಗ್ರಹ ನಡೆಸುತ್ತಾರೆ. ಅಲ್ಲಿರುವುದೆಲ್ಲ ಹಕ್ಕು ಬಿಟ್ಟುಕೊಟ್ಟದ್ದು, ಯಾರು ಯಾವುದಕ್ಕೆ ಬೇಕಾದರೂ ಬಳಸಬಹುದು. ಅವರು ತಮ್ಮ ದೇಶದ ನಮಾಕ್ವಾಲ್ಯಾಂಡ್ ಎಂಬ ಒಣ ಸೀಮೆಯ ಗಿಡ, ಕಲ್ಲುಗಳನ್ನೇ ಆರಿಸಿಕೊಂಡು ಒಂದು ಗುಚ್ಛ ಮಾಡಿ ಹಂಚಿದ್ದಾರೆ. ನಾನು ಆ ಸೀಮೆ ನೋಡಿಲ್ಲ, ಆದರೆ ಅಲ್ಲಿನ ಒಂದು ಪೊದೆಯ ಎಲೆಯ ಅಂಚು ಹೇಗಿರುತ್ತದೆ ಎಂದು ನನಗೆ ಗೊತ್ತು. ಚಿಲಿಯಲ್ಲೋ ಜಪಾನಿನಲ್ಲೋ ಕೂತ ಒಬ್ಬರಿಗೆ ತಿಪಟೂರಿನ ಗರಿಯ ಅಂಚು ಹಾಗೇ ಗೊತ್ತಾಗಬೇಕು. ನಾನು ಮಾಡಿದ ಮೂರು ಗರಿಗಳನ್ನು, ಬಣ್ಣ, ತೂತು, ಬೆಳಕು ಹಾಯುವ ಲೆಕ್ಕ ಎಲ್ಲ ಸೇರಿಸಿ, ಹಕ್ಕು ಬಿಟ್ಟು ಕೊಡಲು ತೀರ್ಮಾನಿಸಿದ್ದೇನೆ. ಮೂರು ಸಾಲದು. ಹೊಂಬಾಳೆ ಬೇಕು, ಎಡೆಮಟ್ಟೆ ಬೇಕು, ಬರಗಾಲದಲ್ಲಿ ಸುಳಿ ಬಿದ್ದು ನಿಂತ ಮರ ಬೇಕು, ನುಸಿ ಬಡಿದ ಕಾಯಿಯ ಸಿಪ್ಪೆ ಬೇಕು. ಒಬ್ಬಳ ಶನಿವಾರ ಭಾನುವಾರಗಳಲ್ಲಿ ಮುಗಿಯುವ ಕೆಲಸ ಅಲ್ಲ ಇದು.

ಹುಳಿಯಾರಿನ ಕಡೆ ನಮ್ಮ ದೊಡ್ಡಮ್ಮನ ಮಗ ತೋಟ ಮಾಡುತ್ತಾನೆ. ಈ ಬೇಸಿಗೆಯಲ್ಲಿ ಅವನ ಆರೇಳು ಮರಕ್ಕೆ ಕಪ್ಪುತಲೆ ಹುಳು ಬಿದ್ದಿದೆ. ಹುಳ ತಿಂದ ಗರಿಗಳನ್ನು ಕಡಿದು ಸುಡಲು ಹೇಳಿದ್ದಾರೆ, ಸುಡಲೇಬೇಕು, ಇಲ್ಲದಿದ್ದರೆ ಪಕ್ಕದ ತೋಟಕ್ಕೂ ಹಬ್ಬುತ್ತದೆ. ಬೆಂಕಿ ಹಚ್ಚುವ ಹಿಂದಿನ ದಿನ ಫೋನ್ ಮಾಡು ಅಂದಿದ್ದೇನೆ. ಈ ಸಲ ಬಿಳಿ ಬಟ್ಟೆ ಬೇಡ, ಬೂದು ಬಣ್ಣದ್ದು ತೆಗೆದಿಟ್ಟಿದ್ದೇನೆ, ಹದಿನೆಂಟು ಅಡಿ ಉದ್ದದ್ದು.